ಅದೇ ಲೋಟ, ಬದಲಾದ ಜಠರ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಮದ್ಯಸೇವನೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನೋಡಲು ತೀರಾ ಸರಳ. ಗ್ಯಾಸ್ಟ್ರಿಕ್ ಬೈಪಾಸ್‌ಗೆ ಸಿದ್ಧರಾಗಿದ್ದ 19 ಮಂದಿಗೆ ಸುಮಾರು 150 ಮಿ.ಲೀ. ಕೆಂಪು ವೈನ್ ಕುಡಿಸಿ, ಉಸಿರಿನ ಮೂಲಕ ರಕ್ತದ ಮದ್ಯಾಂಶವನ್ನು ಅಳೆದರು. ಶಸ್ತ್ರಚಿಕಿತ್ಸೆಯಾದ 3 ತಿಂಗಳಿಗೆ ಒಮ್ಮೆ, 6 ತಿಂಗಳಿಗೆ ಇನ್ನೊಮ್ಮೆ ಅದೇ ಅಳತೆಯ ವೈನ್ ಕೊಟ್ಟರು. ಗರಿಷ್ಠ ಮಟ್ಟ ಮೊದಲ ಸಲ ಶೇ. 0.024 ಇದ್ದದ್ದು ಎರಡನೆಯ ಸಲ 0.059ಕ್ಕೂ ಮೂರನೆಯ ಸಲ 0.088ಕ್ಕೂ ಏರಿತು. ಅಮಲು ಪೂರ್ತಿ ಇಳಿಯಲು ಮೊದಲು 49 ನಿಮಿಷ ಸಾಕಾಗಿತ್ತು; ಆರು ತಿಂಗಳ ನಂತರ 88 ನಿಮಿಷ ಬೇಕಾಯಿತು.

ಭಾರತದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ವಿಧಿಸಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ. 0.03. ಆಪರೇಷನ್‌ಗೆ ಮುಂಚೆ ಈ ಮಿತಿಯೊಳಗೇ ಇರಿಸುತ್ತಿದ್ದ ಒಂದು ಲೋಟ, ಆಮೇಲೆ ಅದರ ಮೂರು ಪಟ್ಟಿನ ಹತ್ತಿರಕ್ಕೆ ಒಯ್ಯುತ್ತದೆ.

ಕಾರಣ ಜಠರದ ಹೊಸ ರಚನೆಯಲ್ಲಿದೆ. ಸಾಮಾನ್ಯವಾಗಿ ಮದ್ಯ ಜಠರದಲ್ಲಿ ಸ್ವಲ್ಪ ಹೊತ್ತು ತಂಗುತ್ತದೆ. ಅಲ್ಲಿನ ಕಿಣ್ವವೊಂದು ಅದರ ಒಂದಿಷ್ಟು ಭಾಗವನ್ನು ಒಡೆದುಬಿಡುತ್ತದೆ. ಬೈಪಾಸ್ ಆದವರಲ್ಲಿ ಉಳಿಯುವುದು ಪುಟ್ಟ ಚೀಲದಂಥ ಜಠರ, ಅದರ ಬಾಯಿ ನೇರ ಸಣ್ಣ ಕರುಳಿಗೆ. ತಂಗುದಾಣವೇ ಇಲ್ಲದ ಮದ್ಯ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಬೈಪಾಸ್ ಆದವರಿಗೆ ಎರಡು ಡ್ರಿಂಕ್ ಎಂದರೆ ಉಳಿದವರ ನಾಲ್ಕಕ್ಕೆ ಸಮ ಎಂಬುದು ಕಂಡಿತು. ಕರುಳಿನ ದಾರಿ ಬದಲಿಸದೆ ಜಠರವನ್ನಷ್ಟೇ ಕತ್ತರಿಸಿ ಕಿರಿದಾಗಿಸುವ ಸ್ಲೀವ್ ವಿಧಾನವೂ ಇದಕ್ಕೆ ಹೊರತಲ್ಲವೆಂದು 2018ರ ಅಧ್ಯಯನ ತೋರಿಸಿತು.

ಬೇಗ ಏರುವ ಅಮಲು ಚಟವಾಗುತ್ತದೆಯೇ? ಅಮೆರಿಕದ 10 ಆಸ್ಪತ್ರೆಗಳ 1945 ರೋಗಿಗಳನ್ನು ಹಿಂಬಾಲಿಸಿದ 2012ರ ವರದಿ ಇಲ್ಲಿ ಮುಖ್ಯ. ಮದ್ಯದ ಸಮಸ್ಯೆಯಿದ್ದವರ ಪ್ರಮಾಣ ಶಸ್ತ್ರಚಿಕಿತ್ಸೆಗೆ ಹಿಂದಿನ ವರ್ಷ ಶೇ. 7.6, ನಂತರದ ಮೊದಲ ವರ್ಷ ಶೇ. 7.3. ಎರಡನೆಯ ವರ್ಷ ಅದು ಶೇ. 9.6ಕ್ಕೆ ಏರಿತು. ನಂತರ ಸಮಸ್ಯೆ ಕಂಡ 167 ಮಂದಿಯಲ್ಲಿ 101 ಮಂದಿಗೆ ಹಿಂದಿನ ವರ್ಷ ಅದರ ಸುಳಿವೇ ಇರಲಿಲ್ಲ. ಅದೇ ಯೋಜನೆಯ 2017ರ ವರದಿಯಂತೆ, ಐದು ವರ್ಷದೊಳಗೆ ಹೊಸದಾಗಿ ಲಕ್ಷಣ ಕಾಣಿಸಿಕೊಂಡವರು ಬೈಪಾಸ್ ಗುಂಪಿನಲ್ಲಿ ಶೇ. 20.8, ಜಠರಕ್ಕೆ ಪಟ್ಟಿ ತೊಡಿಸಿದವರ ಗುಂಪಿನಲ್ಲಿ ಶೇ. 11.3.

ಊಟದ ಚಟ ಹೋಗಿ ಕುಡಿತದ ಚಟ ಹತ್ತಿತು ಎಂಬ ಜನಪ್ರಿಯ ವಿವರಣೆಗೆ ಈ ಅಂಕಿಗಳು ಪೂರ್ತಿ ಒಗ್ಗುವುದಿಲ್ಲ. ಪಟ್ಟಿ ತೊಟ್ಟವರೂ ಊಟ ಕಡಿಮೆ ಮಾಡಬೇಕಾದವರೇ. ಆದರೂ ಅವರಲ್ಲಿ ಅಪಾಯ ಕಡಿಮೆ. 2013ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ಚರ್ಚೆಗೆ ಇನ್ನೊಂದು ತಿರುವು ಕೊಟ್ಟಿತು. ಮದ್ಯವನ್ನು ಬಾಯಿಗಲ್ಲದೆ ನೇರ ರಕ್ತನಾಳಕ್ಕೆ ಸೇರುವಂತೆ ಮಾಡಿದಾಗಲೂ ಬೈಪಾಸ್ ಆದ ಇಲಿಗಳು ಹೆಚ್ಚು ಮದ್ಯ ಬಯಸಿದವು. ಇಲ್ಲಿ ಜಠರದ ಪಾತ್ರವೇ ಇರಲಿಲ್ಲ. ಹೀಗಾಗಿ ಮಿದುಳು ಸುಖವನ್ನು ಗ್ರಹಿಸುವ ಬಗೆಯೂ ಬದಲಾಗುತ್ತದೆಂಬ ಊಹೆಗೆ ಬಲ ಬಂತು.

ಇಷ್ಟಾದರೂ ಗಾಬರಿ ಬೇಡ. ಸ್ವೀಡನ್ನಿನ ದೀರ್ಘಾವಧಿ ಅಧ್ಯಯನದಲ್ಲಿ ಬೈಪಾಸ್ ಆದವರಿಗೆ ಮದ್ಯದ ದುರ್ಬಳಕೆ ಎಂಬ ರೋಗನಿರ್ಣಯದ ಅಪಾಯ ಸುಮಾರು 5 ಪಟ್ಟು ಹೆಚ್ಚಿತ್ತು. ಆದರೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 93ರಷ್ಟು ಜನ ಹೇಳಿಕೊಂಡ ಸೇವನೆ ವಿಶ್ವ ಆರೋಗ್ಯ ಸಂಸ್ಥೆಯ ಕಡಿಮೆ ಅಪಾಯದ ಮಿತಿಯೊಳಗೇ ಇತ್ತು. ಯಾರ ಮೇಲೆ ನಿಗಾ ಬೇಕೆಂಬುದನ್ನೂ ಅಮೆರಿಕದ ವರದಿ ಗುರುತಿಸಿದೆ: ಗಂಡಸರು, ಕಿರಿಯ ವಯಸ್ಸಿನವರು, ಧೂಮಪಾನಿಗಳು, ಮೊದಲೇ ನಿಯಮಿತವಾಗಿ ಕುಡಿಯುತ್ತಿದ್ದವರು.

ತೊಡಕಿರುವುದು ವೇಳೆಯಲ್ಲಿ. ಮೊದಲ ವರ್ಷ ತೂಕ ಇಳಿಯುತ್ತದೆ, ಮದ್ಯದ ಅಂಕಿ ಏರುವುದಿಲ್ಲ, ಎಲ್ಲವೂ ಸುಸೂತ್ರವಾಗಿ ಕಾಣುತ್ತದೆ. ಸಮಸ್ಯೆ ತಲೆಯೆತ್ತುವುದು ಎರಡನೆಯ ವರ್ಷದಿಂದ. ಆದ್ದರಿಂದ ಆಪರೇಷನ್‌ಗೆ ಮುಂಚೆ ಒಮ್ಮೆ ಕೇಳಿ ಫೈಲು ಮುಚ್ಚಿದರೆ ಸಾಲದು. ಕುಡಿತದ ಪ್ರಶ್ನೆಯನ್ನು ಕನಿಷ್ಠ ಐದು ವರ್ಷ ಪ್ರತಿ ತಪಾಸಣೆಯಲ್ಲೂ ಕೇಳಬೇಕು.