ಗುರುವಿನ ಅಗಲಿಕೆ ಮತ್ತು ಯಹೂದ್ಯರ ಶೋಕವಿಧಿ

2019ನೆಯ ಇಸವಿ ಜನವರಿ 21ರಂದು ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದುದು ವಾಚಕರಿಗೆ ವಿದಿತವೇ ಇದೆ. ಉಸಿರು ನಿಂತದ್ದು ಹಗಲು ಹನ್ನೆರಡಕ್ಕೆ ಮುನ್ನ. ವಾರ್ತೆ ಹೊರಬಿದ್ದದ್ದು ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದವಾದ ಬಳಿಕ. ಹಾಗೆಯೇ ಆಗತಕ್ಕದ್ದೆಂಬುದು ಪೂಜ್ಯರ ಇಚ್ಛೆಯಾಗಿತ್ತು. ಸರ್ಕಾರ ಮೂರು ದಿನಗಳ ಶೋಕವನ್ನು ಸಾರಿತು. ನಮ್ಮ ದೊಡ್ಡೇರಿಯ ಕಡೆಯಿಂದಲೂ ಜನ ತುಮಕೂರಿಗೆ ಹೊರಟರು. 22ರಂದು ಕ್ರಿಯಾಸಮಾಧಿ ನೆರವೇರಿತು. ಬಂದ ಲಕ್ಷಾಂತರ ಜನರಿಗೆ ದಾಸೋಹವೂ ನಡೆದೇ ಇತ್ತು.

ಈಚೆಗೆ ಯಹೂದ್ಯರ ಶೋಕವಿಧಿಗಳನ್ನು ಓದುತ್ತಿರುವಾಗ ಆ ದಿನಗಳು ಮರಳಿ ನೆನಪಿಗೆ ಬಂದವು. ಅವರಲ್ಲಿಯೂ ಪರಂಪರೆಯ ಪ್ರಕಾರ ದಹನವಿಲ್ಲ. ಭೂಮಿಯಲ್ಲಿಡುವುದೇ ವಿಧಿ, ಅದೂ ಆದಷ್ಟು ಬೇಗ. ಬಳಿಕ ಏಳು ದಿನ ಮನೆಯವರು ತಗ್ಗಾದ ಆಸನದಲ್ಲಿ ಕುಳಿತು ದುಃಖಿಸುತ್ತಾರೆ. ಇದಕ್ಕೆ ‘ಶಿವಾ’ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಅದು ಏಳೆಂಬ ಸಂಖ್ಯೆ. ನಮ್ಮ ಶಿವಶಬ್ದಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವ ಉತ್ಸಾಹ ಯಾರಿಗೂ ಬೇಡ. ಸಮಾಧಿಯಿಂದ ಮರಳಿದವರ ಮೊದಲ ಊಟ ನೆರೆಯವರದಾಗಿರಬೇಕು. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ನೆರೆಹೊರೆಯವರು ಅನ್ನ ತರುವುದು ಇದೇ ಬಗೆಯದು.

ಗುರುವಿನ ವಿಷಯಕ್ಕೆ ಬಂದರೆ ಅವರ ಧರ್ಮಶಾಸ್ತ್ರದ ದೃಷ್ಟಿ ವಿಶೇಷವಾದುದು. ಆಪ್ತರು ತೀರಿಕೊಂಡಾಗ ಉಟ್ಟ ಬಟ್ಟೆಯನ್ನು ಹರಿದುಕೊಳ್ಳುವುದು ಅವರ ಪದ್ಧತಿ. ಉಳಿದ ಬಂಧುಗಳಿಗಾಗಿ ಹರಿದುದನ್ನು ಕಾಲಾನಂತರ ಸರಿಯಾಗಿ ಹೊಲಿದುಕೊಳ್ಳಬಹುದು. ತಂದೆಗಾಗಿ, ತಾಯಿಗಾಗಿ, ವಿದ್ಯೆ ಕಲಿಸಿದ ಗುರುವಿಗಾಗಿ ಹರಿದುದನ್ನು ಗುರುತು ಕಾಣದಂತೆ ಹೊಲಿಯಲಾಗದು. ಒರಟಾಗಿ ಕೂಡಿಸಿಕೊಳ್ಳಬಹುದು, ಅಷ್ಟೆ. ಸಮಾಜದ ಅಧಿಪತಿಗೂ ಇದೇ ನಿಯಮ. ನಲವತ್ತು ವರ್ಷಗಳ ಸಮೀಪ ಉಪಾಧ್ಯಾಯನಾಗಿದ್ದ ನನಗೆ ಈ ಒಂದು ವಿಧಿಯನ್ನು ದಾಟಿ ಮುಂದೆ ಓದಲು ಕೆಲಹೊತ್ತು ಆಗಲಿಲ್ಲ.

ಯಾಜಕ ವಂಶದವರು ಹತ್ತಿರದ ಬಂಧುಗಳ ಹೊರತು ಬೇರೆ ಶವದ ಸಮೀಪ ಹೋಗಬಾರದೆಂಬ ಕಟ್ಟುನಿಟ್ಟು ಯಹೂದ್ಯರಲ್ಲಿದೆ. ಆದರೆ ಮಿಷ್ನಾ ಗ್ರಂಥವನ್ನು ಸಂಕಲಿಸಿದ ಯೆಹೂದಾ ಎಂಬ ಮಹಾಗುರುಗಳು ಕ್ರಿ.ಶ. 3ನೆಯ ಶತಮಾನದ ಆದಿಯಲ್ಲಿ ತೀರಿಕೊಂಡಾಗ, ಆ ದಿನದ ಮಟ್ಟಿಗೆ ಯಾಜಕತ್ವವೇ ಇಲ್ಲವೆಂದು ಸಾರಿದರಂತೆ. ಮಡಿ ಗುರುಗೌರವದ ಮುಂದೆ ಒಂದು ದಿನ ಬದಿಗೆ ಸರಿಯಿತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ನಿತ್ಯಕ್ಕೇ ನಿರಾಕರಿಸಿದರು. ಹೀಗಿದ್ದೂ ಮರಣಸೂತಕ ನಮ್ಮ ಅನೇಕ ಮನೆಗಳಲ್ಲಿ ಹಿಂಬಾಗಿಲಿನಿಂದ ಮರಳಿ ಬಂದಿರುವುದನ್ನು ಮುಚ್ಚಿಡಲಾಗದು.

ಇನ್ನೊಂದು ಪ್ರಸಂಗ. ಒಂದು ಕಾಲಕ್ಕೆ ಯಹೂದ್ಯರಲ್ಲಿ ಶವಸಂಸ್ಕಾರದ ವೆಚ್ಚವು ಮರಣಕ್ಕಿಂತ ಭಾರವಾಗಿ, ಬಂಧುಗಳು ಶವವನ್ನು ಬಿಟ್ಟು ಓಡುವಂತಾಗಿತ್ತು. ಅಧಿಪತಿಯಾಗಿದ್ದ ಗಮಲಿಯೇಲರು ತಮ್ಮನ್ನು ಸಾದಾ ನಾರುಬಟ್ಟೆಯಲ್ಲಿ ಒಯ್ಯುವಂತೆ ಏರ್ಪಡಿಸಿದರು. ಜನ ಅದನ್ನೇ ಅನುಸರಿಸಿದರು. ಸಿದ್ಧಗಂಗೆಯ ಪೂಜ್ಯರ ಜನ್ಮಸ್ಥಳ ವೀರಾಪುರದಲ್ಲಿ 111 ಅಡಿಯ ಪ್ರತಿಮೆಗೆ 2019ರಲ್ಲಿಯೇ ಶಂಕುಸ್ಥಾಪನೆಯಾಯಿತು. ಭಕ್ತಿಯನ್ನು ಆಕ್ಷೇಪಿಸುವವನು ನಾನಲ್ಲ. ಆದರೂ ಜನವರಿ 21ನ್ನು ದಾಸೋಹ ದಿನವೆಂದು ಸರ್ಕಾರ ಆಮೇಲೆ ಘೋಷಿಸಿದ್ದು, ಊಟದ ಹೊತ್ತು ತಪ್ಪದಿರಲೆಂದ ಆ ಜೀವಕ್ಕೆ ಹೆಚ್ಚು ಹತ್ತಿರವಾದುದೆಂದು ನನ್ನ ಎಣಿಕೆ.

ಯಹೂದ್ಯರು ಪ್ರತಿವರ್ಷ ಮರಣದ ತಿಥಿಯಂದು ದೀಪ ಹಚ್ಚಿ, ಮಿಷ್ನಾದ ಒಂದು ಭಾಗವನ್ನು ಓದುವ ರೂಢಿಯುಂಟು. ‘ಮಿಷ್ನಾ’ ಮತ್ತು ಆತ್ಮವೆಂಬರ್ಥದ ‘ನೆಷಾಮಾ’ ಹೀಬ್ರೂವಿನಲ್ಲಿ ಅವೇ ಅಕ್ಷರಗಳಿಂದಾದ ಪದಗಳು. ನಾನೂ ಆ ದಿನ ಕೇರಿಯ ನಾಲ್ಕಾರು ಮಕ್ಕಳನ್ನು ಜಗಲಿಯಲ್ಲಿ ಕೂಡಿಸಿ ಹತ್ತು ವಚನಗಳನ್ನು ಓದಿಸುತ್ತೇನೆ. ಊಟ ಮೊದಲು, ಓದು ಆಮೇಲೆ.