ಸೇವೆಯ ಗಂಟೆ ಲೆಕ್ಕ

ಕಾಲೇಜು ವಿದ್ಯಾರ್ಥಿಯ ಸಮಾಜಸೇವೆಯನ್ನು ಗಂಟೆಗಳಲ್ಲಿ ಎಣಿಸಿ, ಸಹಿ ಹಾಕಿಸಿ, ಕೊನೆಗೆ ಪ್ರಮಾಣಪತ್ರ ಕೊಡುವ ಪದ್ಧತಿ ಭಾರತದಲ್ಲಿ ಬೇರುಬಿಟ್ಟದ್ದು ರಾಷ್ಟ್ರೀಯ ಸೇವಾ ಯೋಜನೆಯ ಮೂಲಕ. ಕಾಲೇಜುಗಳಲ್ಲಿ ಎಲ್ಲರೂ ಅದನ್ನು ಎನ್ಎಸ್ಎಸ್ ಎಂದೇ ಕರೆಯುತ್ತಾರೆ. ಯೋಜನೆ ಹುಟ್ಟುವ ಮುಂಚಿನ ಇಪ್ಪತ್ತು ವರ್ಷ ನಡೆದ ಚರ್ಚೆಯಲ್ಲಿ ದಾಖಲೆಯ ಮಾತು ಮುಖ್ಯವಾಗಿರಲಿಲ್ಲ. ಸೇವೆಯನ್ನು ಕಡ್ಡಾಯ ಮಾಡಬೇಕೋ ವಿದ್ಯಾರ್ಥಿಯ ಇಷ್ಟಕ್ಕೆ ಬಿಡಬೇಕೋ ಎಂಬುದೇ ಆಗಿನ ಪ್ರಶ್ನೆ.

ಸ್ವಾತಂತ್ರ್ಯದ ಬೆನ್ನಿಗೇ ರಚನೆಯಾದ ರಾಧಾಕೃಷ್ಣನ್ ಆಯೋಗ ಇಷ್ಟವಿದ್ದವರು ಮಾಡಲಿ ಎಂದಿತು. ನೆಹರೂ ಅವರ ಒಲವು ಬೇರೆ ಕಡೆಗಿತ್ತು. ಪದವಿ ಪಡೆಯುವ ಮುನ್ನ ಸಮಾಜಸೇವೆ ಮಾಡಿರಬೇಕು ಎಂಬ ವಿಚಾರವನ್ನು ಅವರು 1958ರಲ್ಲಿ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ ಮುಂದಿಟ್ಟರು. ಮರುವರ್ಷ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಇನ್ನೂ ಮುಂದೆ ಹೋಗಿ, ಹೈಸ್ಕೂಲು ಮುಗಿಸಿ ಕಾಲೇಜು ಸೇರುವವರೆಲ್ಲ ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯವಾಗಿ ಸೇವೆ ಮಾಡಬೇಕೆಂದು ಶಿಫಾರಸು ಮಾಡಿತು. ಅಷ್ಟು ಜನರಿಗೆ ಊಟ, ವಸತಿ, ಮೇಲ್ವಿಚಾರಣೆ ಒದಗಿಸಲು ಹಣ ಎಲ್ಲಿಂದ ತರುವುದು? ಶಿಫಾರಸು ಕಡತದಲ್ಲೇ ಉಳಿಯಿತು. 1960ರಲ್ಲಿ ಬೇರೆ ದೇಶಗಳ ಅನುಭವವನ್ನು ಅಧ್ಯಯನ ಮಾಡಿದ ಕೆ.ಜಿ. ಸೈಯದೈನ್ ಅವರೂ ಒತ್ತಾಯ ಬೇಡ ಎಂದೇ ಹೇಳಿದರು. ಚೀನಾ ಯುದ್ಧದ ನಂತರ ಕಾಲೇಜುಗಳಲ್ಲಿ ಕಡ್ಡಾಯವಾದದ್ದು ಸಮಾಜಸೇವೆಯಲ್ಲ, ಎನ್‌ಸಿಸಿ ಕವಾಯತು. ಅದು ಒಗ್ಗದವರಿಗೆ ಇನ್ನೊಂದು ದಾರಿ ಬೇಕೆಂದು 1967ರಲ್ಲಿ ಶಿಕ್ಷಣ ಮಂತ್ರಿಗಳು ಒಪ್ಪಿದಾಗ ಎನ್ಎಸ್ಎಸ್‌ಗೆ ಜಾಗ ಸಿಕ್ಕಿತು.

ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ ಯೋಜನೆ ಆರಂಭವಾಯಿತು. ಚಾಲನೆ ಕೊಟ್ಟವರು ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಆಗ ಬಳ್ಳಾರಿಯ ಲೋಕಸಭಾ ಸದಸ್ಯರು. ಮೂರು ವರ್ಷದ ಮೇಲೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಸೇರುವುದು ಇಷ್ಟಕ್ಕೆ ಬಿಟ್ಟದ್ದು ಎಂದಾದ ಮೇಲೆ, ಸೇರಿದವರನ್ನು ಹಿಡಿದಿಡಲು ಏನಾದರೂ ಬೇಕಾಗುತ್ತದೆ. ಪ್ರಮಾಣಪತ್ರ ಆ ಕೆಲಸ ಮಾಡಿತು. ನಿಯಮದ ಪ್ರಕಾರ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ವರ್ಷದ 120 ಗಂಟೆಯಲ್ಲಿ 20 ಗಂಟೆ ತಿಳಿವಳಿಕೆಗೆ, ಹೆಚ್ಚೆಂದರೆ 30 ಗಂಟೆ ಕಾಲೇಜು ಆವರಣದ ಕೆಲಸಕ್ಕೆ, ಮಿಕ್ಕದ್ದು ಊರಿನ ಕೆಲಸಕ್ಕೆ. ಆವರಣಕ್ಕೆ ಮಿತಿ ಹಾಕಿದ್ದು ಜಾಣತನ. ಇಲ್ಲದಿದ್ದರೆ ಕಾಲೇಜಿನ ಮೈದಾನ ಗುಡಿಸುವುದರಲ್ಲೇ ಎಷ್ಟೋ ಘಟಕಗಳ ಲೆಕ್ಕ ಚುಕ್ತಾ ಆಗುತ್ತಿತ್ತು. ಇದರ ಜೊತೆಗೆ ಒಂದು ವಿಶೇಷ ಶಿಬಿರವನ್ನೂ ಮುಗಿಸಿರಬೇಕು. ಶಿಬಿರ ಈಗ ಏಳು ದಿನದ್ದು.

ಇಷ್ಟಕ್ಕೂ ಆಧಾರ ಸ್ವಯಂಸೇವಕನ ಕೈಯಲ್ಲಿರುವ ಕೆಲಸದ ಡೈರಿ. ದಿನಾಂಕ, ಮಾಡಿದ ಕೆಲಸ, ಹಿಡಿದ ಗಂಟೆ, ಪಕ್ಕದಲ್ಲಿ ಕಾರ್ಯಕ್ರಮಾಧಿಕಾರಿಯ ಸಹಿ. ಇಂಗುಗುಂಡಿ ತೋಡಿದ್ದು, ಸಸಿ ನೆಟ್ಟದ್ದು, ರಕ್ತದಾನ ಶಿಬಿರದಲ್ಲಿ ಹೆಸರು ಬರೆದುಕೊಂಡದ್ದು, ಎಲ್ಲಕ್ಕೂ ಒಂದೊಂದೇ ಸಾಲು. ಘಟಕ ದತ್ತು ಪಡೆದ ಗ್ರಾಮದ ಸರ್ಕಾರಿ ಶಾಲೆಯಲ್ಲಿ ಮಲಗಿ, ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರ ಮುಂದೆ ನಾಟಕ, ಹಾಡು ಎಂದು ಕಳೆದ ಶಿಬಿರದ ವಾರ ಅದರಲ್ಲಿ ಅರ್ಧ ಪುಟವನ್ನೂ ತುಂಬುವುದಿಲ್ಲ. ನೂರು ಜನರ ಘಟಕವನ್ನು ನೋಡಿಕೊಳ್ಳುವ ಅಧಿಕಾರಿ ಪಾಠವನ್ನೂ ಮಾಡಬೇಕಾದ ಅಧ್ಯಾಪಕ. ವರ್ಷದ ಕೊನೆಗೆ ಡೈರಿಗಳ ರಾಶಿ ಎದುರಿಗಿಟ್ಟುಕೊಂಡು ಒಂದೇ ಸಲಕ್ಕೆ ಸಹಿ ಹಾಕುವುದು ಬಹಳ ಕಡೆ ರೂಢಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಮಾಣಪತ್ರದ ಬೆಲೆ ಬಳಕೆಯಲ್ಲಿ ನಿಗದಿಯಾಯಿತು. ಎನ್‌ಸಿಸಿಯವರಿಗೆ, ಸ್ಕೌಟ್ಸ್ ಮತ್ತು ಗೈಡ್ಸ್‌ನವರಿಗೆ ಕರ್ನಾಟಕದ ಸಿಇಟಿಯಲ್ಲಿ ವಿಶೇಷ ವರ್ಗದ ಸೀಟುಗಳಿವೆ. ಎನ್ಎಸ್ಎಸ್ ಪ್ರಮಾಣಪತ್ರವನ್ನು ಹಲವು ವಿಶ್ವವಿದ್ಯಾಲಯಗಳು ಪ್ರವೇಶದ ವೇಳೆ ಪರಿಗಣಿಸುತ್ತವೆ. ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಬಯೋಡೇಟಾದ ಕೊನೆಯಲ್ಲಿ ‘ಇತರ ಚಟುವಟಿಕೆ’ಗಳ ಸಾಲಿಗೆ ಸೇರುತ್ತದೆ. ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಎನ್ನುತ್ತದೆಂಬುದನ್ನು ಅಲ್ಲಿ ಯಾರೂ ನೆನೆಸಿಕೊಳ್ಳುವುದಿಲ್ಲ.

ದೇಶಮುಖ್ ಸಮಿತಿ ಕೇಳಿದ ಕಡ್ಡಾಯ ಬೇರೆ ವೇಷದಲ್ಲಿ ಮರಳಿ ಬಂದದ್ದು ಎಂಜಿನಿಯರಿಂಗ್ ಕಾಲೇಜುಗಳಿಗೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ರೂಪಿಸಿದ, ಸಮಾಜಸೇವೆಯಂಥ ಚಟುವಟಿಕೆಗಳಿಗೆ ಪಾಯಿಂಟು ಕೊಡುವ ವ್ಯವಸ್ಥೆಯನ್ನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಳವಡಿಸಿಕೊಂಡಿತು. ನಾಲ್ಕು ವರ್ಷದ ಬಿಇಗೆ 100 ಪಾಯಿಂಟು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಇವು ಸರಾಸರಿ ಅಂಕಕ್ಕೆ ಸೇರುವುದಿಲ್ಲ, ಆದರೆ ಪೂರ್ತಿಯಾಗದೆ ಪದವಿಗೆ ಅರ್ಹತೆ ಇಲ್ಲ. ಡೈರಿಯ ಒಂದು ಸಾಲಿನ ಜಾಗಕ್ಕೆ ಫೋಟೊ ಸಮೇತ ವರದಿ ಬಂತು.

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಬೆಂಗಳೂರಿನ ಮಕ್ಕಳು ತುಂಬುವ ‘ಕಾಮನ್ ಅಪ್ಲಿಕೇಶನ್’ನ ಲೆಕ್ಕ ಇನ್ನೊಂದು ತೆರ. ಹತ್ತು ಚಟುವಟಿಕೆಗಳವರೆಗೆ ನಮೂದಿಸಬಹುದು. ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬರೆದು, 150 ಅಕ್ಷರಗಳೊಳಗೆ ವಿವರಿಸಬೇಕು. ಆ ಪಟ್ಟಿಯಲ್ಲಿ ಪ್ರಮಾಣಪತ್ರ ಲಗತ್ತಿಸಲು ಜಾಗವಿಲ್ಲ. ಬರೆದದ್ದು ನಿಜವೆಂದು ವಿದ್ಯಾರ್ಥಿಯೇ ಸಹಿ ಹಾಕಬೇಕು.