ಮರದ ಮೇಲಿನ ಜರಿಗಿಡ ಮರದ ರಸ ಹೀರುತ್ತದೆಯೇ? ಬಂದಳಿಕೆ ಬೇರೆ, ಕಂಬಳಿ ಜರಿ ಬೇರೆ

"ನಿಮ್ಮ ಮಾವಿನ ಮರಕ್ಕೆ ಇಂಥ ಗಿಡ ಹಬ್ಬಿದೆಯೇ? ಕೂಡಲೇ ಕೆರೆದು ತೆಗೆಯಿರಿ, ಇಲ್ಲವಾದರೆ ಮರದ ರಸ ಹೀರಿ ಒಣಗಿಸುತ್ತದೆ." ಮರದ ಕಾಂಡಕ್ಕೆ ಅಂಟಿಕೊಂಡ ಹಸಿರು ಎಲೆಗಳ ಫೋಟೋ ಜೊತೆ ಇಂಥ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಮೈಲುತುತ್ತ ಸಿಂಪಡಿಸಿ, ಉಪ್ಪುನೀರು ಸುರಿಯಿರಿ ಎಂಬ ಸಲಹೆಯೂ ಜೊತೆಗಿರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಆದರೆ ಆ ಅರ್ಧ ನಿಜ ಬೇರೊಂದು ಗಿಡಕ್ಕೆ ಸೇರಿದ್ದು.

ಯಾವಗಲ್‌ನಲ್ಲಿ ಕಾಣುವುದು ಯಾವುದು?

ರೋಣ, ನರಗುಂದ ಭಾಗದ ಎರೆಹೊಲಗಳ ಬದುವಿನಲ್ಲಿ ಬೇವಿನ ಮರವನ್ನು ಗಮನಿಸಿ. ಕೊಂಬೆಯ ನಡುವೆ ಬೇವಿನದಲ್ಲದ ದಪ್ಪ ಎಲೆಗಳ ಗೊಂಚಲೊಂದು ಕಂಡರೆ ಅದು ಬಹುಮಟ್ಟಿಗೆ ಬಂದಳಿಕೆ. ಕೆಲವರು ಬದನಿಕೆ ಎನ್ನುತ್ತಾರೆ. ಇದು ನಿಜಕ್ಕೂ ಪರಾವಲಂಬಿ. ಇದರ ಹೀರುಬೇರು ತೊಗಟೆ ಸೀಳಿ ಒಳಗಿನ ಕಟ್ಟಿಗೆಯನ್ನು ಸೇರಿ, ಮರದ ನೀರು ಮತ್ತು ಲವಣಗಳನ್ನು ಎಳೆದುಕೊಳ್ಳುತ್ತದೆ. ಸೇರಿದ ಜಾಗದಲ್ಲಿ ಕೊಂಬೆ ಗಂಟು ಕಟ್ಟಿರುತ್ತದೆ. ಬಂದಳಿಕೆ ವಿಪರೀತ ಹಬ್ಬಿದರೆ ಗಂಟಿನಾಚೆಯ ಕೊಂಬೆ ಸೊರಗುವುದು ನಿಜ. ಫಾರ್ವರ್ಡ್ ಹೇಳುವ ತಪ್ಪೆಲ್ಲ ಇದರದ್ದು.

ಆದರೆ ಫೋಟೋದಲ್ಲಿರುವುದು ಬಂದಳಿಕೆಯಲ್ಲ, ಜರಿಗಿಡ. ಅದು ಯಾವಗಲ್‌ನಂಥ ಊರಿಗೆ ಹೊಂದುವ ಗಿಡವೇ ಅಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಉಳಿದ ತಿಂಗಳು ಒಣಗಾಳಿ. ತೊಗಟೆಯಲ್ಲಿ ತೇವ ನಿಲ್ಲುವುದಿಲ್ಲ. ಅದನ್ನು ನೋಡಬೇಕೆಂದರೆ ನರಗುಂದದಿಂದ ಹುಬ್ಬಳ್ಳಿಗೆ ಹೋಗಿ ಅಂಕೋಲಾ ಬಸ್ ಹತ್ತಬೇಕು. ಕಲಘಟಗಿ ದಾಟಿದ ಮೇಲೆ ಮರಗಳ ಮೈ ನಿಧಾನವಾಗಿ ಹಸಿರಾಗುತ್ತ ಹೋಗುತ್ತದೆ. ಯಲ್ಲಾಪುರ ಬಿಟ್ಟು ಅರಬೈಲ್ ಘಟ್ಟ ಇಳಿಯುವ ಹೊತ್ತಿಗೆ ಪಾಚಿ, ಸೀತೆದಂಡೆ, ಜರಿಗಿಡ ಎಲ್ಲವನ್ನೂ ಹೊತ್ತ ಮರಗಳು ಸಿಗುತ್ತವೆ.

ಕಂಬಳಿ ಜರಿ ಎಂದರೆ?

ಈ ಜರಿಗಿಡಗಳಲ್ಲಿ ಪಿರೋಸಿಯಾ ಎಂಬ ಕುಲವಿದೆ. ಇವುಗಳ ಎಲೆಯ ಕೆಳಭಾಗಕ್ಕೆ ಉಣ್ಣೆ ಒತ್ತಿದಂತೆ ಮೆತ್ತನೆಯ ಹೊದಿಕೆ ಇರುತ್ತದೆ, ಅದಕ್ಕೇ ಈ ಬರಹದಲ್ಲಿ ನಾವು ಕಂಬಳಿ ಜರಿ ಎಂದು ಕರೆಯುತ್ತಿದ್ದೇವೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಉಣ್ಣೆಯ ಒಂದೊಂದು ಕೂದಲೂ ನಕ್ಷತ್ರದ ಆಕಾರದಲ್ಲಿದೆ. ಸಾವಿರಾರು ನಕ್ಷತ್ರಗಳು ಒಂದರ ಮೇಲೊಂದು ಒತ್ತಿಕೊಂಡು ಎಲೆಯ ನೀರು ಬೇಗ ಆರದಂತೆ ತಡೆಯುತ್ತವೆ. ಈ ಕುಲದ ಕೆಲವು ಜಾತಿಗಳು ಕಳ್ಳಿಗಿಡದ ಹಾಗೆ ಹಗಲು ಪತ್ರರಂಧ್ರ ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಒಳಗೆಳೆದುಕೊಳ್ಳುತ್ತವೆ. ನೆಲದ ನೀರಿಗೆ ಬೇರು ಮುಟ್ಟದ ಗಿಡಕ್ಕೆ ಇಷ್ಟು ಜಿಪುಣತನ ಬೇಕೇ ಬೇಕು.

ಹೌದು, ಬೇರು ನೆಲಕ್ಕೂ ಮುಟ್ಟುವುದಿಲ್ಲ, ಮರದ ಒಳಗೂ ಹೋಗುವುದಿಲ್ಲ. ತೊಗಟೆಯ ಮೇಲೆ ಹರಿದಾಡುವ ಹಗ್ಗದಂಥ ಕಾಂಡ, ಅದರಿಂದ ಹೊರಟ ಸಣ್ಣ ಬೇರುಗಳು ತೊಗಟೆಯ ಬಿರುಕನ್ನು ಹಿಡಿದುಕೊಂಡಿರುತ್ತವೆ, ಅಷ್ಟೇ. ಮಳೆ, ಮಂಜು, ಧೂಳು, ಕೊಳೆತ ಎಲೆ ಇದರ ಊಟ. ಗೋಡೆಗೆ ಏಣಿ ಒರಗಿಸಿದರೆ ಏಣಿ ಗೋಡೆಯ ಸಿಮೆಂಟು ತಿನ್ನುತ್ತದೆಯೇ? ಇಂಥ ಗಿಡಗಳನ್ನು ಅಧಿಸಸ್ಯ ಎನ್ನುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಕಾಣುವ ಪಿರೋಸಿಯಾ ಹೆಟೆರೋಫಿಲ್ಲಾದಲ್ಲಿ ಎರಡು ಬಗೆಯ ಎಲೆ ಇರುತ್ತವೆ: ಗುಂಡಗಿನ ಪುಟ್ಟ ಎಲೆಗಳು, ನಡುವೆ ಉದ್ದ ಪಟ್ಟಿಯಂಥವು. ಆ ಉದ್ದ ಎಲೆಯ ಹಿಂದಿನ ಕಂದು ಪುಡಿಯನ್ನು ಕೀಟದ ಮೊಟ್ಟೆ, ರೋಗ ಎಂದುಕೊಳ್ಳುವವರಿದ್ದಾರೆ. ಅದು ರೋಗವಲ್ಲ, ಬೀಜಾಣು. ಹೂವಿಲ್ಲದ ಜರಿಗಿಡ ವಂಶ ಬೆಳೆಸುವುದೇ ಅದರಿಂದ.

ಹಾಗಾದರೆ ಒಣಗಿದ ಮರದ ಮೇಲೇ ಇದು ಹೆಚ್ಚು ಕಾಣುವುದೇಕೆ? ಹಳೆಯ ಮರದ ತೊಗಟೆ ಒರಟು, ಬೀಜಾಣು ನಿಲ್ಲಲು ಜಾಗ ಜಾಸ್ತಿ. ಎಲೆ ಉದುರಿದ ಕೊಂಬೆಗೆ ಬೆಳಕೂ ಜಾಸ್ತಿ. ಮರ ಮುದಿಯಾಗಿದ್ದಕ್ಕೆ ಜರಿ ಬಂತೇ ಹೊರತು ಜರಿ ಬಂದಿದ್ದಕ್ಕೆ ಮರ ಮುದಿಯಾಗಲಿಲ್ಲ.

ಕೆರೆದರೆ ಯಾರ ಮನೆ ಹೋಗುತ್ತದೆ?

ನಮಗೆ ಮುಖ್ಯ ಎನಿಸುವುದು ಇದು. ಜರಿಯ ಕಾಂಡಗಳ ಹೆಣಿಗೆಯೊಳಗೆ ಉದುರಿದ ಎಲೆ ಸಿಕ್ಕಿ ಕೊಳೆತು, ನೆಲದಿಂದ ಮೂವತ್ತು ನಲವತ್ತು ಅಡಿ ಮೇಲೆ ಅಂಗೈಯಗಲದ ಮಣ್ಣು ತಯಾರಾಗುತ್ತದೆ. ಅದರಲ್ಲಿ ಇರುವೆ, ಜೇಡ, ಸಹಸ್ರಪದಿ, ಬಸವನಹುಳು ಸೇರುತ್ತವೆ. ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ಕಾಂಡದ ಮೇಲೆ ತಲೆಕೆಳಗಾಗಿ ಓಡಾಡುವ ನೀಲಿ ಬೆನ್ನಿನ ಪುಟ್ಟ ನಟ್‌ಹ್ಯಾಚ್ ಹಕ್ಕಿಯನ್ನು ಹತ್ತು ನಿಮಿಷ ನೋಡಿ, ಬಿರುಕು, ಪಾಚಿ, ಜರಿಯ ಬುಡ ಒಂದನ್ನೂ ಬಿಡದೆ ಕುಕ್ಕುತ್ತದೆ. ಸಿಂಗಳೀಕ ಹಣ್ಣಿನ ಜೊತೆ ಹುಳಹುಪ್ಪಟೆಯನ್ನೂ ತಿನ್ನುವ ಕೋತಿ. ತೊಗಟೆ, ಅಧಿಸಸ್ಯಗಳ ಸಂದಿಯಲ್ಲಿ ಕೈಯಾಡಿಸಿ ಹುಡುಕುವುದು ಅದರ ದಿನಚರಿಯ ಭಾಗ. ಉತ್ತರ ಕನ್ನಡದಲ್ಲಿ ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಒಂದು ಜರಿಗಿಡ ಎಷ್ಟು ಜೀವಿಗಳನ್ನು ಸಾಕಬಲ್ಲದು? ಬೋರ್ನಿಯೋ ಕಾಡಿನ ದೊಡ್ಡ ಜರಿಗಿಡವೊಂದರ ಬಗ್ಗೆ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಚ್ಚರಿ ಹುಟ್ಟಿಸುತ್ತದೆ. ಹಕ್ಕಿಗೂಡಿನಾಕಾರದ ಆ ಜರಿ 200 ಕಿಲೋ ತೂಗಬಲ್ಲದು. ಅಂಥ ಒಂದು ಗಿಡದೊಳಗಿನ ಹುಳುಗಳ ಒಟ್ಟು ತೂಕ, ಆ ಮರದ ಉಳಿದೆಲ್ಲ ಮೇಲ್ಛಾವಣಿಯಲ್ಲಿರುವ ಹುಳುಗಳ ತೂಕಕ್ಕೆ ಸಮವಾಗಿರಬಹುದು. ನಮ್ಮ ಕಂಬಳಿ ಜರಿ ಅಷ್ಟು ದೊಡ್ಡದಲ್ಲ, ತೆಳ್ಳಗಿನ ಹಾಸು. ಆದರೂ ಮಾಡುವ ಕೆಲಸ ಅದೇ ಜಾತಿಯದು.

ಹಾಗೆ ನೋಡಿದರೆ ಬಂದಳಿಕೆಯೂ ಬರೀ ಖಳನಲ್ಲ. ಅದರ ಅಂಟಂಟು ಹಣ್ಣು ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿಗೆ ಅನ್ನ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಕೊಂಬೆಗೆ ಅಂಟಿಯೇ ಮುಂದಿನ ಗಿಡ ಹುಟ್ಟುತ್ತದೆ. ಹೂವಿಗೆ ಸೂರಕ್ಕಿ ಬರುತ್ತದೆ. ರೆಕ್ಕೆಯ ಕೆಳಗೆ ಹಳದಿ, ಅಂಚಿಗೆ ಕೆಂಪು ಚುಕ್ಕೆ ಇರುವ ಜೆಜೆಬೆಲ್ ಚಿಟ್ಟೆಯ ಮರಿಹುಳು ತಿನ್ನುವುದು ಬಂದಳಿಕೆ ಎಲೆಯನ್ನೇ.

ತೋಟದವರು ಏನು ಮಾಡಬೇಕು?

ಮೊದಲು ಎಳೆದು ನೋಡಿ. ಕೈಯಲ್ಲಿ ಚಾಪೆಯ ಹಾಗೆ ಸುಲಿದು ಬಂದು ಕೆಳಗೆ ತೊಗಟೆ ಹಾಗೇ ಇದ್ದರೆ ಅದು ಜರಿ, ಬಿಡಿ. ಕೊಂಬೆಯೊಳಗಿಂದಲೇ ಹುಟ್ಟಿದಂತಿದ್ದು, ಬುಡದಲ್ಲಿ ಗಂಟಿದ್ದರೆ ಬಂದಳಿಕೆ. ಫಲ ಕೊಡುವ ಮರವಾದರೆ ಗಂಟಿನ ಸಮೇತ ಸವರಿ. ಜರಿ ಅತಿಯಾಗಿ ಬೆಳೆದು ಫಲ ಬಿಡುವ ಎಳೆ ಕೊಂಬೆಗಳನ್ನೇ ಮುಚ್ಚಿದ್ದರೆ, ಅಥವಾ ಮಳೆನೀರು ಕುಡಿದು ಭಾರವಾಗಿ ಕೊಂಬೆ ಬಾಗಿದ್ದರೆ, ಅಷ್ಟು ಭಾಗವನ್ನು ಕೈಯಿಂದ ತೆಗೆದು ಕಾಂಡದ ಮೇಲಿನದನ್ನು ಉಳಿಸಿ. ಮೈಲುತುತ್ತ ಇದಕ್ಕೆ ಮದ್ದಲ್ಲ. ಮಳೆಗೆ ತೊಳೆದು ಹಳ್ಳಕ್ಕೆ ಸೇರಿದರೆ ಮೀನಿಗೆ ವಿಷ. ಬೇಸಿಗೆಯಲ್ಲಿ ಎಲೆ ಸುರುಟಿಕೊಂಡಿದ್ದನ್ನು ಕಂಡು ಸತ್ತಿದೆ ಎಂದು ಕಿತ್ತೆಸೆಯಬೇಡಿ, ಮಳೆ ಬಿದ್ದ ಮೇಲೆ ನೋಡಿ.

ಇನ್ನು ಘಟ್ಟಕ್ಕೆ ಹೋದಾಗ ಚೆಂದ ಕಂಡಿತೆಂದು ಕಿತ್ತು ಯಾವಗಲ್‌ಗೆ ತಂದು ಬೇವಿಗೆ ಕಟ್ಟಿದರೆ ಬದುಕೀತೇ ಎಂದು ಕೇಳುವವರಿಗೆ: ಏಪ್ರಿಲ್ ಬಿಸಿಲಿಗೆ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಅಭಯಾರಣ್ಯದೊಳಗಿಂದ ತಂದಿದ್ದರೆ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧವೂ ಹೌದು.